ಕಡೆಯ ಪುಟದ ಬೂದು

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಚಿಕ್ಕಪ್ಪಂದಿರು ಅಂಥದ್ದೊಂದನ್ನು ಶುರುಮಾಡಿದರೆ, “ಕರೆಂಟ್ ಇತ್ತಾ? ಕನ್ನಡಕ ಹಾಕ್ಕೊಂಡಿದ್ರಾ? ಎಷ್ಟು ಕುಡಿದಿದ್ರಿ?” ಎಂದು ಕೇಳಿ ಕಥೆಯ ಜೀವ ತೆಗೆಯುತ್ತಿದ್ದವಳು ನಾನು. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ಅದೇ ಪ್ರಶ್ನೆಗಳನ್ನು ನೀವು ನನಗೂ ಕೇಳಬಹುದು. ಕರೆಂಟಿನ ಮಾತೇ ಇಲ್ಲ, ನಡೆದದ್ದು ಮಟಮಟ ಮಧ್ಯಾಹ್ನ. ಕನ್ನಡಕ ನನಗೆ ಆಗ ಇರಲಿಲ್ಲ, ಈಗಲೂ ಇಲ್ಲ. ಕುಡಿದದ್ದು ಅಮೃತಹಳ್ಳಿಯ ಗಾಡಿಯೊಂದರಲ್ಲಿ ಒಂದು ಲೋಟ ಟೀ.

ನಂಬಿ ಎಂದು ನಾನು ಕೈಮುಗಿಯುತ್ತಿಲ್ಲ. ನಂಬದಿದ್ದರೆ ನಷ್ಟವೂ ಇಲ್ಲ. ಆದರೆ ‘ನಿಮಗೆ ಹಾಗೆ ಅನ್ನಿಸಿರಬೇಕು’ ಎಂಬ ಮಾತನ್ನು ಮಾತ್ರ ದಯವಿಟ್ಟು ಹೇಳಬೇಡಿ. ಅದನ್ನು ಕೇಳಿ ಕೇಳಿ ಕಿವಿ ತೂತಾಗಿದೆ.

ನನ್ನ ಕೆಲಸ ಮಣ್ಣು ನೋಡುವುದು. ಮನೆ ಕಟ್ಟುವ ಮುಂಚೆ, ತೋಟ ಹಾಕುವ ಮುಂಚೆ ಜನ ನಮ್ಮನ್ನು ಕರೆಸುತ್ತಾರೆ. ಗುಂಡಿ ತೆಗೆಸಿ, ಒಳಗೆ ಇಳಿದು, ಅದರ ಗೋಡೆಯಲ್ಲಿ ಮಣ್ಣು ಪದರ ಪದರವಾಗಿ ಹೇಗೆ ಕೂತಿದೆ ಎಂದು ಬರೆದುಕೊಳ್ಳುತ್ತೇವೆ. ಅದರಲ್ಲಿ ಮೊದಲ ಕೆಲಸ ಬಣ್ಣ. ನೀವು ಕೆಂಪು ಮಣ್ಣು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೀರಿ. ನಮಗೆ ಅಷ್ಟು ಸಾಲದು, ಏಕೆಂದರೆ ಒಬ್ಬರ ಕೆಂಪು ಇನ್ನೊಬ್ಬರಿಗೆ ಕಂದು. ಅದಕ್ಕೇ ಎಲ್ಲ ದೇಶದವರೂ ಒಪ್ಪಿಕೊಂಡ ಒಂದು ಬಣ್ಣದ ಪುಸ್ತಕವಿದೆ. ಪುಟದ ತುಂಬ ಸಣ್ಣ ಸಣ್ಣ ಬಣ್ಣದ ಚೌಕಗಳು, ಪ್ರತಿ ಚೌಕದ ಕೆಳಗೆ ಒಂದು ತೂತು. ಮಣ್ಣಿನ ಹೆಂಟೆಯನ್ನು ಮುರಿದು, ನೀರು ಚಿಮುಕಿಸಿ, ಹೊಳಪು ಆರಿದ ಮೇಲೆ ಪುಟದ ಹಿಂದೆ ಹಿಡಿದು ತೂತಿನಲ್ಲಿ ನೋಡಬೇಕು. ಚೌಕ ಯಾವುದು, ಮಣ್ಣು ಯಾವುದು ಎಂದು ಬೇರೆ ಮಾಡಲಾಗದ ಜಾಗ ಸಿಕ್ಕಾಗ ಆ ಚೌಕದ ಸಂಖ್ಯೆ ಬರೆದುಕೊಳ್ಳಬೇಕು. ಅಷ್ಟೇ ಕೆಲಸ, ಆದರೆ ಅಷ್ಟರಲ್ಲೇ ಜಗಳಗಳು ಹುಟ್ಟುತ್ತವೆ.

ಈ ಕೆಲಸಕ್ಕೆ ಕೆಲವು ಕಟ್ಟುನಿಟ್ಟುಗಳಿವೆ. ಬಿಸಿಲು ನೆತ್ತಿಗೆ ಬಂದಾಗಲೇ ನೋಡಬೇಕು. ಬೆಳಗಿನ, ಸಂಜೆಯ ಬೆಳಕು ಎಲ್ಲವನ್ನೂ ಕೆಂಪಾಗಿಸಿಬಿಡುತ್ತದೆ. ತಂಪು ಕನ್ನಡಕ ಹಾಕಕೂಡದು. ಮೇಲೆ ಟಾರ್ಪಾಲು ಕಟ್ಟಿದ್ದರೆ ಬಿಚ್ಚಿಸಬೇಕು, ನೀಲಿ ಟಾರ್ಪಾಲಿನ ಕೆಳಗೆ ನಿಂತು ಒಳ್ಳೆಯ ಮಣ್ಣಿಗೆ ಕೆಟ್ಟ ಹೆಸರು ತಂದವರಿದ್ದಾರೆ. ಎಲ್ಲಕ್ಕಿಂತ ದೊಡ್ಡ ಕಟ್ಟುನಿಟ್ಟು, ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಬರೆಯುವವರೆಗೆ ಒಬ್ಬರಿಗೊಬ್ಬರು ಬಾಯಿಬಿಡಬಾರದು. ಗೊರಗುಂಟೆಪಾಳ್ಯದ ನಮ್ಮ ಆಫೀಸಿನಲ್ಲಿ ಇದನ್ನೆಲ್ಲ ಕಲಿಸಿದವರು ಹಿರಿಯರಾದ ಸದಾಶಿವಯ್ಯ ಸರ್. “ಮೊದ್ಲು ಬರಿ, ಆಮೇಲೆ ನಂಬು” ಎಂಬುದು ಅವರ ಮಂತ್ರ. ಇಲ್ಲಿ ಇಂಥ ಬಣ್ಣ ಇರಬೇಕು ಎಂದು ತಲೆಯಲ್ಲಿ ಇಟ್ಟುಕೊಂಡು ಇಳಿದವರಿಗೆ ಅದೇ ಬಣ್ಣ ಕಾಣುತ್ತದೆ ಎನ್ನುತ್ತಿದ್ದರು.

ಆ ಪುಸ್ತಕದ ಮುಂದಿನ ಪುಟಗಳೆಲ್ಲ ಕೆಂಪು, ಕಂದು, ಹಳದಿ. ಕೊನೆಯಲ್ಲಿ ಮಾತ್ರ ಬೇರೆ ಜಾತಿಯ ಒಂದು ಪುಟವಿದೆ, ಹಸಿರು ಮಿಶ್ರಿತ ಬೂದು, ನೀಲಿ ಮಿಶ್ರಿತ ಬೂದು. ವರ್ಷಗಟ್ಟಲೆ ನೀರಿನಲ್ಲಿ ಮುಳುಗಿ, ಗಾಳಿಯಾಡದೆ ಕೂತ ಮಣ್ಣಿಗಷ್ಟೇ ಆ ಬಣ್ಣ ಬರುತ್ತದೆ. ಕೆರೆಯ ತಳದಲ್ಲಿ ಸಿಗಬಹುದು. ನಮ್ಮ ಕಡೆಯ ದಿಣ್ಣೆಗಳಲ್ಲಿ ಎಲ್ಲಿಂದ ಬರಬೇಕು? ಮುಂದಿನ ಪುಟಗಳು ನಮ್ಮ ಬೆರಳು ತಾಗಿ ತಾಗಿ ಮಾಸಿದ್ದವು, ಕಡೆಯ ಪುಟ ಮಾತ್ರ ಬೀರುವಿನಲ್ಲಿಟ್ಟ ಸೀರೆಯ ಹಾಗೆ ಮಡಿಕೆ ಮಾಸದೆ ಇತ್ತು.

ಕೆಲವು ವರ್ಷಗಳ ಹಿಂದೆ ಅಮೃತಹಳ್ಳಿಯ ಹಿಂಭಾಗದಲ್ಲಿ ಮುನಿರಾಜಣ್ಣ ಎಂಬುವವರ ಜಾಗಕ್ಕೆ ಹೋಗಬೇಕಾಗಿ ಬಂತು. ಹಿಂದೆ ಅವರ ದ್ರಾಕ್ಷಿ ತೋಟವಿದ್ದ ದಿಣ್ಣೆ ಅದು. ಸುತ್ತಲಿನದೆಲ್ಲ ಸೈಟುಗಳಾಗಿ, ಉಳಿದ ತುಂಡಿನಲ್ಲಿ ಮೂವರು ಗಂಡುಮಕ್ಕಳಿಗೂ ಸೇರಿಸಿ ಒಂದೇ ಮನೆ, ಕೆಳಗೆ ನೆಲಮಾಳಿಗೆ, ಕಟ್ಟಿಸಲು ಹೊರಟಿದ್ದರು. ಗುದ್ದಲಿ ಪೂಜೆಗೆ ಮುಹೂರ್ತವೂ ನಿಶ್ಚಯವಾಗಿತ್ತು. ಮಣ್ಣಿನ ವರದಿ ಕೈಗೆ ಬರುವುದೊಂದೇ ಬಾಕಿ.

ಆ ವರದಿಗೆ ಸಹಿ ಹಾಕಬೇಕಾದವಳು ನಾನು. ಅಲ್ಲಿಯವರೆಗೆ ನಮ್ಮ ಆಫೀಸಿನಿಂದ ಹೊರಗೆ ಹೋದ ಎಲ್ಲ ಕಾಗದಕ್ಕೂ ಗಂಡಸರದೇ ಸಹಿ. ಗುಂಡಿಗೆ ಇಳಿಯುವುದು ನಾವು, ಬೆವರುವುದು ನಾವು, ಸಹಿ ಅವರದು. ಈ ಕೆಲಸದಿಂದ ನಿನ್ನ ಸಹಿ ಎಂದು ಸದಾಶಿವಯ್ಯನವರೇ ಎಲ್ಲರ ಮುಂದೆ ಹೇಳಿದ್ದರು. ನಮ್ಮಮ್ಮ ಆರ್.ಟಿ. ನಗರದ ಇಡೀ ಬೀದಿಗೆ ಸುದ್ದಿ ಹಂಚಿ ಆಗಿತ್ತು. ಆ ಸಹಿ ನನಗೆ ಎಷ್ಟು ಬೇಕಿತ್ತು ಎಂದರೆ, ಹಿಂದಿನ ದಿನ ಹಳೆಯ ಕಾಗದದ ಮೇಲೆ ಬರೆದು ಬರೆದು ಅಭ್ಯಾಸ ಮಾಡಿದ್ದೆ. ನಗಬೇಡಿ.

ನನ್ನ ಜೊತೆ ಬಂದವಳು ನಮ್ಮ ಆಫೀಸಿನ ರಾಜಿ, ಎರಡನೆಯ ಕಣ್ಣಾಗಿ. ಜೇಸಿಬಿಯವನು ಗುಂಡಿ ತೆಗೆದು ಮೆಟ್ಟಿಲು ಕಡಿದು ಹೋಗಿದ್ದ. ಒಳ್ಳೆಯ ಬಿಸಿಲು. ಮೇಲೆ ಜಕ್ಕೂರಿನ ತರಬೇತಿ ಶಾಲೆಯ ಸಣ್ಣ ವಿಮಾನವೊಂದು ಗಿರಕಿ ಹೊಡೆಯುತ್ತಿತ್ತು. ಇಳಿದೆ. ಮೇಲಿನ ಎರಡು ಪದರ ಎಂದಿನ ಕೆಂಪು, ಕಣ್ಣು ಮುಚ್ಚಿಯೂ ಹೇಳಬಹುದಾದದ್ದು. ನೋಡಿದೆ, ಬರೆದೆ. ಮೂರನೆಯ ಪದರಕ್ಕೆಂದು ಮೊಣಕಾಲೂರಿ ಕೂತು ಚಾಕುವಿನಿಂದ ಗೋಡೆ ಕೆರೆದೆ. ಕೆರೆದ ಜಾಗ ಬೂದಾಗಿತ್ತು.

ಸುಣ್ಣವೋ ಹಳೆಯ ಸಿಮೆಂಟೋ ಇರಬೇಕು ಎಂದುಕೊಂಡು ಇನ್ನಷ್ಟು ಕೆರೆದೆ. ಗೋಡೆಯ ಉದ್ದಕ್ಕೂ ಅದೇ ಇತ್ತು, ತಣ್ಣಗಿನ, ನೀಲಿ ಬೆರೆತ ಬೂದು, ನಡುನಡುವೆ ಸತ್ತ ಬೇರುಗಳ ದಾರಿಯಲ್ಲಿ ತುಕ್ಕಿನ ಬಣ್ಣದ ಗೆರೆಗಳು. ನೀರಿನಲ್ಲಿ ಬಹಳ ಕಾಲ ನಿಂತ ಮಣ್ಣು ಹೇಗಿರಬೇಕೋ ಹಾಗೆಯೇ. ಬತ್ತಿದ ಕೆರೆಯ ಅಂಗಳದ ವಾಸನೆ ಮೂಗಿಗೆ ಬಂತು. ಹೆಂಟೆ ಕಿತ್ತು, ಮುರಿದು, ನೀರು ಚಿಮುಕಿಸಿ, ಬಿಸಿಲಿಗೆ ಬೆನ್ನು ಮಾಡಿ ಪುಸ್ತಕ ತೆರೆದೆ. ಮುಂದಿನ ಪುಟಗಳಲ್ಲಿ ಯಾವುದೂ ಹತ್ತಿರಕ್ಕೂ ಬರಲಿಲ್ಲ. ಕಡೆಯ ಪುಟ ತೆಗೆದೆ, ಒಂದು ಚೌಕದ ಕೆಳಗೆ ಮಣ್ಣು ಹೋಗಿ ಕೂತುಕೊಂಡಿತು. ಸಂಖ್ಯೆ ಬರೆದೆ. ಭಯವೇನೂ ಆಗಲಿಲ್ಲ. ದಿಣ್ಣೆಯ ಮೇಲೆ ಹೀಗೊಂದು ಪದರ ಸಿಕ್ಕಿತಲ್ಲ ಎಂಬ ಸಂಭ್ರಮವಷ್ಟೇ.

ಬಾಯಿಬಿಡದೆ ಮೇಲೆ ಹತ್ತಿ ರಾಜಿಯನ್ನು ಇಳಿಸಿದೆ. ಅವಳು ಅದೇ ಗೋಡೆ, ಅದೇ ಪದರ ನೋಡಿ, ಬೇಗ ಬರೆದು ಬಂದಳು. ಇಬ್ಬರೂ ಬರೆದದ್ದನ್ನು ಜೊತೆಗಿಟ್ಟು ನೋಡಿದೆವು. ಅವಳದು ಎಂದಿನ ಕೆಂಪು.

“ಅಕ್ಕಾ, ತಮಾಷೆ ಮಾಡ್ತಿದೀರಾ?” ಎಂದಳು ರಾಜಿ.

“ನೀನು ಮಾಡ್ತಿದೀಯಾ?” ಎಂದೆ ನಾನು.

ಇಬ್ಬರೂ ಇಳಿದೆವು. ನಾನು ತೋರಿಸಿದ ಜಾಗದಲ್ಲೇ ಅವಳು ಬೆರಳಿಟ್ಟಳು. ಅವಳ ಬೆರಳಿನ ಕೆಳಗೆ ನನಗೆ ಬೂದು, ಅವಳಿಗೆ ಕೆಂಪು. ಹೆಂಟೆಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಮೇಲೆ ಬಂದು ಅಂಗೈ ನೋಡಿಕೊಂಡರೆ ನನಗೂ ಕೆಂಪು. ಅದೇ ಹೆಂಟೆಯನ್ನು ಹಿಡಿದು ಇಳಿದರೆ ಮತ್ತೆ ಬೂದು. ಅವಳು ಫೋನಿನಲ್ಲಿ ಗೋಡೆಯ ಫೋಟೋ ತೆಗೆದಳು, ಫೋಟೋದಲ್ಲಿ ಕೆಂಪು. ಎಷ್ಟು ಸಲ ಹತ್ತಿ ಇಳಿದೆನೋ ಲೆಕ್ಕವಿಲ್ಲ. ಆಗ ಭಯವಾಯಿತು, ನಿಜ ಹೇಳುತ್ತೇನೆ. ಭಯದ ಹಿಂದೆಯೇ ಸಿಟ್ಟು ಬಂತು.

ಗುಂಡಿಯ ಅಂಚಿನಲ್ಲಿ ಮುನಿರಾಜಣ್ಣನ ಹೆಂಡತಿ ಲಕ್ಷ್ಮಮ್ಮ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದರು. “ಏನ್ ಮೇಡಮ್ನೋರೆ, ಅತ್ತೋದು ಇಳಿಯೋದು ಮಾಡ್ತಾ ಇದೀರ? ಏನಾರ ಬಿದ್ದೋಯ್ತಾ?” ಎಂದರು.

ಇಲ್ಲಿ ಹಿಂದೆ ನೀರು ನಿಲ್ಲುವ ಕುಂಟೆಯೋ ಕಟ್ಟೆಯೋ ಏನಾದರೂ ಇತ್ತೇ ಎಂದು ಕೇಳಿದೆ.

“ನೀರಾ? ಈ ದಿಣ್ಣೆ ಮ್ಯಾಲಾ?” ಎಂದು ಅವರು ಗಲ್ಲಕ್ಕೆ ಕೈಯಿಟ್ಟರು. “ನಮ್ ಮಾವ ಬಿಂದಿಗೇಲಿ ನೀರು ಒತ್ತು ದ್ರಾಕ್ಸಿ ಬೆಳೆಸ್ದೋರು. ಕೆರೆ ಇರೋದು ಅಗೋ ಅಲ್ಲಿ, ಅಷ್ಟ್ ಕೆಳಗೆ.” ಊರಿನ ಹಳೆಯ ನಕ್ಷೆಯನ್ನೂ ಆಮೇಲೆ ನೋಡಿದೆ. ಹೆಂಗಸು ಹೇಳಿದ್ದೇ ಸರಿ. ಸತ್ತವರ ಕಥೆ, ಮುಚ್ಚಿದ ಬಾವಿ, ಯಾವುದೂ ಇಲ್ಲ. ಅಂಥದ್ದೇನಾದರೂ ಇದ್ದಿದ್ದರೆ ನಿಮಗೂ ಸಮಾಧಾನ, ನನಗೂ ಸಮಾಧಾನ.

ಆಫೀಸಿಗೆ ಬಂದು ಸದಾಶಿವಯ್ಯನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. ಟಾರ್ಪಾಲು ಇತ್ತೇ ಎಂದರು. ಇರಲಿಲ್ಲ. ಕೆಂಪನ್ನೇ ಬಹಳ ಹೊತ್ತು ನೋಡಿದ ಕಣ್ಣಿಗೆ ಆಮೇಲೆ ಎಲ್ಲೆಲ್ಲೂ ನೀಲಿ ಹಸಿರು ಕಾಣುತ್ತದೆ, ಗೊತ್ತಲ್ಲ ಎಂದರು. ಗೊತ್ತು, ಆದರೆ ಅದು ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ, ಅದಕ್ಕೆ ತುಕ್ಕಿನ ಗೆರೆ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ ಎಂದೆ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಾಳೆ ನಾನೇ ಬರ್ತೀನಿ” ಎಂದರು.

ಮಾರನೆಯ ದಿನ ಮೂವರೂ ಹೋದೆವು. ದಾರಿಯುದ್ದಕ್ಕೂ, ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡಾಗಲೂ, ನಾನು ಬೇಕೆಂದೇ ಕೆಂಪನ್ನು ನೋಡದೆ ಕಣ್ಣು ಮುಚ್ಚಿ ಕೂತಿದ್ದೆ. ಹೋದವಳೇ ಮೊದಲು ಇಳಿದು ನೇರವಾಗಿ ಮೂರನೆಯ ಪದರ ನೋಡಿದೆ. ಬೂದು. ಹಿಂದಿನ ದಿನಕ್ಕಿಂತ ಸ್ಪಷ್ಟವಾಗಿತ್ತು. ಆಮೇಲೆ ಸದಾಶಿವಯ್ಯನವರು ಇಳಿದರು.

ಅವರು ಬಣ್ಣ ನೋಡುವುದು ಬಹಳ ಬೇಗ. ನಾವು ಹೆಂಟೆ ಮುರಿಯುವಷ್ಟರಲ್ಲಿ ಅವರದು ಮುಗಿದಿರುತ್ತಿತ್ತು. ಆ ದಿನ ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ರಾಜಿ ಎರಡು ಸಲ “ಸರ್?” ಎಂದು ಕೂಗಿದಳು. ಬಗ್ಗಿ ನೋಡಿದರೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮುನಿರಾಜಣ್ಣ ಕೆಮ್ಮಿದರು. ಕೊನೆಗೆ ಸರ್ ಎದ್ದು ಮೆಟ್ಟಿಲು ಹತ್ತಿ ಬಂದರು. ಮುಖ ಬೆವರಿತ್ತು, ಬಿಸಿಲಿಗೆ ಬೆವರದವರು ಯಾರು? “ಕೆಂಪೇ” ಎಂದು ಚೌಕದ ಸಂಖ್ಯೆಯನ್ನೂ ಹೇಳಿದರು. “ಟೂ ಪಾಯಿಂಟ್ ಫೈವ್ ವೈಆರ್, ತ್ರೀ ಬೈ ಸಿಕ್ಸ್. ಏನೂ ತೊಂದರೆ ಇಲ್ಲ ಮುನಿರಾಜು, ಪೂಜೆ ಮಾಡ್ಕೊಳ್ಳಿ.”

ಮುನಿರಾಜಣ್ಣ ಕೈಮುಗಿದರು. ನಾನು ನೋಡುತ್ತಿದ್ದದ್ದು ಸರ್ ಕೈಯಲ್ಲಿದ್ದ ಪುಸ್ತಕವನ್ನು. ಧೂಳು ತಾಗಬಾರದೆಂದು ಅವರು ಗುಂಡಿಯೊಳಗೇ ಪುಸ್ತಕ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಆಮೇಲೇ ಹತ್ತುವವರು. ಆ ದಿನ ರಬ್ಬರ್ ಬ್ಯಾಂಡ್ ಅವರ ಮಣಿಕಟ್ಟಿನಲ್ಲೇ ಇತ್ತು. ಪುಸ್ತಕದೊಳಗೆ ಹೆಬ್ಬೆರಳು ಸಿಕ್ಕಿಕೊಂಡಿತ್ತು, ಓದುತ್ತಿದ್ದ ಜಾಗ ತಪ್ಪಬಾರದೆಂದು ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಬೆರಳಿದ್ದದ್ದು ಕಡೆಯ ಪುಟದಲ್ಲಿ. ಬೂದಿನ ಚೌಕಗಳು ಅಂಚಿನಲ್ಲಿ ಕಾಣುತ್ತಿದ್ದವು. ನಾನು ನೋಡುತ್ತಿದ್ದುದನ್ನು ಕಂಡು ಅವರು ಪಟಕ್ಕನೆ ಮುಚ್ಚಿದರು.

ಕಾರಿನ ಹತ್ತಿರ ಕೇಳಿಯೇಬಿಟ್ಟೆ. “ಸರ್, ಕೆಂಪು ಅಂದ್ಮೇಲೆ ಆ ಪುಟ ಯಾಕೆ ತೆಗೆದ್ರಿ?”

“ಅದಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಕಣಮ್ಮಾ” ಎಂದರು.

ಒಪ್ಪಬಹುದಾದ ಮಾತೇ. ಅಷ್ಟು ದೊಡ್ಡ ಮಾತು ನಾನು ಆಡಿರುವಾಗ ಯಾರಾದರೂ ಆ ಪುಟ ತೆಗೆದು ನೋಡುತ್ತಾರೆ. ಆದರೆ ಅಲ್ಲ ಎಂದು ಗೊತ್ತಾದ ಪುಟದಲ್ಲಿ ಯಾರು ಬೆರಳಿಟ್ಟುಕೊಂಡು ಮೆಟ್ಟಿಲು ಹತ್ತುತ್ತಾರೆ? ನೀವೇ ಹೇಳಿ.

ಆಫೀಸಿನಲ್ಲಿ ವರದಿ ಬರೆಯಲು ಕೂತೆ. ಇಬ್ಬರು ಕೆಂಪು ಎಂದಿದ್ದಾರೆ, ಫೋಟೋ ಕೆಂಪು ಎನ್ನುತ್ತಿದೆ, ಚೀಲದಲ್ಲಿ ತಂದ ಮಣ್ಣು ಮೇಜಿನ ಮೇಲೆ ನನ್ನ ಕಣ್ಣಿಗೂ ಕೆಂಪಾಗಿಯೇ ಕೂತಿದೆ. ಸುಮ್ಮನೆ ಕೆಂಪು ಎಂದು ಬರೆದು ಸಹಿ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ನನಗೆ ಆಗಲಿಲ್ಲ. ಗುಂಡಿಯೊಳಗೆ ಮೊದಲನೆಯವರು ಕಂಡದ್ದು ನೀಲಿ ಬೂದು, ಉಳಿದವರು ಕಂಡದ್ದು ಕೆಂಪು, ವ್ಯತ್ಯಾಸಕ್ಕೆ ಕಾರಣ ತಿಳಿದಿಲ್ಲ, ನೀರು ನಿಂತ ಮಣ್ಣಾದರೆ ನೆಲಮಾಳಿಗೆಯೊಳಗೆ ನೀರು ಒಸರಬಹುದು, ತೋಡುವ ಮುಂಚೆ ಇನ್ನೊಂದು ಗುಂಡಿ ತೆಗೆದು ನೋಡುವುದು ಒಳ್ಳೆಯದು ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ಅಷ್ಟು ಅಭ್ಯಾಸ ಮಾಡಿದ ಸಹಿ.

ಸದಾಶಿವಯ್ಯನವರು ಓದಿ ಕಾಗದವನ್ನು ಮೇಜಿನ ಮೇಲಿಟ್ಟರು. “ಇದನ್ನ ಕಳಿಸಕ್ಕಾಗಲ್ಲ. ಕಾರಣ ತಿಳಿದಿಲ್ಲ ಅಂತ ಬರೆದ್ರೆ ನಮ್ಮನ್ನ ಯಾರು ಕರೀತಾರೆ?”

“ಮೊದ್ಲು ಬರಿ, ಆಮೇಲೆ ನಂಬು ಅಂದೋರು ನೀವೇ ಅಲ್ವಾ ಸರ್. ಬರೆದಿದೀನಿ. ನಂಬೋದು ಬಿಡೋದು ಆಮೇಲಿಂದು.”

“ನೀನು ಹಿಡಿದ ಮೊಲಕ್ಕೆ ಮೂರೇ ಕಾಲು” ಎಂದರು ಅವರು. ಗದರಿಸಲಿಲ್ಲ, ದಣಿದವರ ಹಾಗೆ ಹೇಳಿದರು. “ಒಂದು ಸಾಲು ತೆಗಿ. ಸಹಿ ನಿಂದೇ ಇರುತ್ತೆ.”

ತೆಗೆಯುವುದಿಲ್ಲ ಎಂದೆ. ವರದಿ ಹೊಸದಾಗಿ ಟೈಪಾಯಿತು, ಕೆಂಪು ಎಂದು, ಅವರ ಸಹಿಯೊಂದಿಗೆ. ನನ್ನದು ಮೇಜಿನ ಮೇಲೆಯೇ ಉಳಿಯಿತು. ಇನ್ನು ಮುಂದೆ ನನ್ನನ್ನು ಗುಂಡಿಗಳಿಗೆ ಕಳಿಸುವುದಿಲ್ಲ, ಒಳಗಿನ ಕೆಲಸ ನೋಡಿಕೊಳ್ಳಲಿ ಎಂದು ಮೇಲಿನವರಿಂದ ಮಾತು ಬಂತು. ಒಳಗಿನ ಕೆಲಸ ಎಂದರೆ ಮಣ್ಣಿನ ಚೀಲಗಳಿಗೆ ಚೀಟಿ ಅಂಟಿಸುವುದು. ಚೀಟಿ ಅಂಟಿಸಲು ನಾನು ಇಷ್ಟು ಓದಿರಲಿಲ್ಲ, ಬಿಟ್ಟು ಬಂದೆ. ಆಫೀಸಿನ ಮೆಟ್ಟಿಲಿಳಿದು ತುಮಕೂರು ರಸ್ತೆಯ ಗದ್ದಲದಲ್ಲಿ ನಿಂತು ಅತ್ತೆ. ಒಂದು ಲಾರಿಯವನು ಹಾರನ್ ಹೊಡೆದ, ಅವನಿಗೂ ಬೈದೆ.

ಆಮೇಲಿನದು ಮನೆಯವರ ಉಪಚಾರ. ಅಮ್ಮ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚುಕ್ಕೆಗಳಲ್ಲಿ ಅಡಗಿದ ಅಂಕಿಗಳನ್ನೆಲ್ಲ ಓದಿಸಿ, ಬಣ್ಣ ಗುರುತಿಸುವುದರಲ್ಲಿ ಇಂಥ ಕಣ್ಣು ಅಪರೂಪ ಎಂದು ಅವರು ಕಳಿಸಿದರು. ಚಿಕ್ಕಪ್ಪಂದಿರಿಗೆ ಹಬ್ಬ. “ಕಾಮಾಲೆ ಕಣ್ಣಿಗೆ ಹಳದಿ ಕಾಣೋದು ಕೇಳಿದ್ವಿ, ಇದ್ಯಾವುದಮ್ಮ ಬೂದಿ ಕಾಯಿಲೆ?” ಎಂದರು. ಅತ್ತೆಯೊಬ್ಬರು ತಾಯಿತ ತಂದರು. ಕಟ್ಟಿಕೊಳ್ಳಲಿಲ್ಲ. ನನಗೆ ಏನೋ ಮೆಟ್ಟಿಕೊಂಡಿದೆ ಎನ್ನುವವರ ಮಾತೂ, ನನಗೆ ಏನೂ ಕಾಣಲೇ ಇಲ್ಲ ಎನ್ನುವವರ ಮಾತೂ ನನಗೆ ಒಂದೇ. ಇಬ್ಬರಿಗೂ ನಾನು ಹೇಳುವುದನ್ನು ಕೇಳುವ ವ್ಯವಧಾನವಿಲ್ಲ.

ಮುನಿರಾಜಣ್ಣನ ಮನೆ ಎದ್ದು ನಿಂತಿತು. ಗೃಹಪ್ರವೇಶಕ್ಕೆ ನನ್ನನ್ನೂ ಕರೆದರು, ಹೋದೆ. ಹೋಗದಿದ್ದರೆ ಹೆದರಿದಳು ಎನ್ನುತ್ತಿದ್ದರು. ನೆಲಮಾಳಿಗೆಯಲ್ಲೇ ಊಟದ ಪಂಕ್ತಿ. ನೆಲ ಒಣಗಿತ್ತು, ಗೋಡೆ ಒಣಗಿತ್ತು. ಹೋಳಿಗೆ ಬಡಿಸುತ್ತ ಲಕ್ಷ್ಮಮ್ಮ, “ಎಲ್ಲಿ ಮೇಡಮ್ನೋರೆ ನಿಮ್ ಕೆರೆ? ಈಜು ಬರಲ್ಲ ಅಂತ ನಾವ್ ಎದ್ರಿಕೊಂಡಿದ್ವಿ” ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಹೋಳಿಗೆ ಚೆನ್ನಾಗಿತ್ತು.

ಹೊರಗೆ ಬಂದಾಗ ರಸ್ತೆಯ ಎದುರು ಬದಿಯಲ್ಲಿ ಸದಾಶಿವಯ್ಯನವರು ನಿಂತಿದ್ದರು. ನಿವೃತ್ತರಾಗಿದ್ದರು. ಉಡುಗೊರೆಯ ಪೊಟ್ಟಣವನ್ನು ಮುನಿರಾಜಣ್ಣನ ಮಗನ ಕೈಗೆ ಅಲ್ಲೇ ಕೊಟ್ಟು, ಸಕ್ಕರೆ ಕಾಯಿಲೆ, ಊಟ ಬೇಡ ಎನ್ನುತ್ತಿದ್ದರು. ಅವನು ಹೋದ ಮೇಲೆ ನಾನು ಹತ್ತಿರ ಹೋಗಿ ನೇರವಾಗಿ ಕೇಳಿದೆ, ಆ ದಿನ ಕೆಳಗೆ ಏನು ಕಂಡಿರಿ ಎಂದು.

ಅವರು ಮನೆಯನ್ನೇ ನೋಡುತ್ತ ಹೇಳಿದರು, “ನಿನ್ನ ವಯಸ್ಸಲ್ಲಿ ಕಂಡಿದ್ದನ್ನ ಹೇಳಿದ್ರೆ ಹಟಮಾರಿ ಅಂತಾರೆ. ನನ್ನ ವಯಸ್ಸಲ್ಲಿ ಹೇಳಿದ್ರೆ ಕಣ್ಣು ಹೋಯ್ತು ಅಂತಾರೆ.”

“ಇದು ಉತ್ತರ ಅಲ್ಲ ಸರ್.”

“ಅಲ್ಲ” ಎಂದು ಒಪ್ಪಿಕೊಂಡು ಅವರು ಆಟೋ ಹತ್ತಿದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ರಾಜಿಯ ಫೋನಿನಲ್ಲಿ ಬಂತು. ದುಃಖವಾಯಿತು, ಸಿಟ್ಟೂ ಬಂತು. ಒಂದು ಮಾತು, ಹೌದು ಅಥವಾ ಇಲ್ಲ, ನನಗಾಗಿ ಹೇಳಿ ಹೋಗಬಹುದಿತ್ತು.

ಈಗ ಯಲಹಂಕದಲ್ಲಿ ನನ್ನದೇ ಸಣ್ಣ ಆಫೀಸಿದೆ. ನಾನು ಬರೆದದ್ದಕ್ಕೆ ನಾನೇ ಸಹಿ ಹಾಕುತ್ತೇನೆ. ಅಂದಿನಿಂದ ಎಷ್ಟೋ ಗುಂಡಿಗಳಿಗೆ ಇಳಿದಿದ್ದೇನೆ, ಅಂಥದ್ದು ಮತ್ತೆ ಆಗಿಲ್ಲ. ಯಾಕಾಯಿತು ಎಂದು ಯೋಚಿಸಿ ಯೋಚಿಸಿ ಯಾವ ದಡವೂ ಸಿಕ್ಕಿಲ್ಲ. ಕಣ್ಣಿನ ಭ್ರಮೆ ಎಂದರೆ ಸರ್ ಹೆಬ್ಬೆರಳು ಅಡ್ಡ ಬರುತ್ತದೆ. ಭ್ರಮೆಯಲ್ಲ ಎಂದರೆ ಆ ಒಣ ನೆಲಮಾಳಿಗೆ ಅಡ್ಡ ಬರುತ್ತದೆ.

ಈಚೆಗೆ ಲಕ್ಷ್ಮಮ್ಮ ಫೋನ್ ಮಾಡಿದರು. ಮನೆಯ ಪಕ್ಕದಲ್ಲಿ ಮಳೆನೀರಿಗೆ ಇಂಗುಗುಂಡಿ ತೋಡಿಸುತ್ತಿದ್ದಾರಂತೆ, ನೀರು ಇಂಗುತ್ತದೋ ಇಲ್ಲವೋ ನೋಡಿ ಹೇಳಬೇಕಂತೆ. ಹಳೆಯ ಗುಂಡಿ ಇದ್ದ ಜಾಗದಿಂದ ನಾಲ್ಕು ಮಾರು. ಪುಸ್ತಕ ಹಿಡಿದು ಹೋದೆ. ನೆತ್ತಿಯ ಬಿಸಿಲಿನಲ್ಲಿ ಏಣಿ ಇಳಿದು, ಮೂರನೆಯ ಪದರ ಕೆರೆದೆ. ಕೆಂಪು. ಇನ್ನಷ್ಟು ಕೆರೆದೆ, ಮುರಿದೆ, ನೀರು ಚಿಮುಕಿಸಿದೆ. ಕೆಂಪೇ. ಎಷ್ಟು ಹೊತ್ತು ಕಾದರೂ ಕೆಂಪೇ. ಅದು ಬೂದಾಗಿದ್ದಿದ್ದರೆ ಎಂದು ನನ್ನ ಜೀವ ಒದ್ದಾಡಿತು. ಕಡೆಯ ಪುಟ ತೆಗೆಯಲೂ ಇಲ್ಲ. ಕೆಂಪು ಎಂದು ಬರೆದು, ಸಹಿ ಹಾಕಿ, ಮೇಲೆ ಬಂದೆ.

ಲಕ್ಷ್ಮಮ್ಮ ಕಾಗದ ನೋಡಿ ನಕ್ಕರು. “ಈಗ್ಲಾರ ಒಪ್ಕೊಳ್ಳಿ ಮೇಡಮ್ನೋರೆ. ಅವತ್ತು ನೀವ್ ಬರ್ದಿದ್ದು ತಪ್ಪು ಅಂತ.”

“ಇವತ್ತು ಕಂಡಿದ್ದು ಕೆಂಪು ಲಕ್ಷ್ಮಮ್ಮಾ, ಬರ್ದಿದೀನಿ” ಎಂದೆ. “ಅವತ್ತು ಕಂಡಿದ್ದು ಬೂದು. ಅದಕ್ಕೂ ನಂದೇ ಸಹಿ.”